ಥಾರ್ನ್‌ಡೈಕರ ಬೆಕ್ಕು, ತೆನಾಲಿಯ ಬೆಕ್ಕು

ಬಿ.ಇಡಿ. ಓದಿದ ಪ್ರತಿಯೊಬ್ಬರಿಗೂ ಒಂದು ಬೆಕ್ಕಿನ ಪರಿಚಯವಿರುತ್ತದೆ. ಪೆಟ್ಟಿಗೆಯೊಳಗೆ ಹಸಿದ ಬೆಕ್ಕು, ಹೊರಗೆ ಮೀನಿನ ತುಂಡು, ನಡುವೆ ಅಗುಳಿ ಹಾಕಿದ ಬಾಗಿಲು. ಶೈಕ್ಷಣಿಕ ಮನೋವಿಜ್ಞಾನದ ಪರೀಕ್ಷೆಗೆ ನಾವೆಲ್ಲರೂ ಕಂಠಪಾಠ ಮಾಡಿದ ಬೆಕ್ಕು ಅದು. ಬೆಕ್ಕಿಗೂ ನಾಯಿಯಂತೆ ಮಾತು, ಸನ್ನೆಗಳನ್ನು ಕಲಿಸಬಹುದೇ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ್ಗೆ ಕೇಳುವುದುಂಟು. ಆ ಪ್ರಶ್ನೆಗೆ ಉತ್ತರ ಹುಡುಕಲು ಈ ಬೆಕ್ಕಿನ ಇತಿಹಾಸವನ್ನೇ ಕೆದಕಬೇಕಾಗುತ್ತದೆ.

ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಒಂದು ಪ್ರಬಂಧವನ್ನು ಸಲ್ಲಿಸಿದರು. ಅದುವರೆಗೆ ಪ್ರಾಣಿಗಳ ಜಾಣತನದ ಕುರಿತು ಜನರು ಹೇಳಿದ ಕಥೆಗಳೇ ಹೆಚ್ಚಾಗಿ ಆಧಾರವಾಗಿದ್ದವು. ಥಾರ್ನ್‌ಡೈಕರು ಕಥೆಗಳನ್ನು ಬದಿಗಿಟ್ಟು ಗಡಿಯಾರವನ್ನು ಹಿಡಿದರು. ಬೆಕ್ಕು ಪೆಟ್ಟಿಗೆಯಲ್ಲಿ ಪರಚಿ, ಕಚ್ಚಿ, ಒದ್ದಾಡಿ, ಕೊನೆಗೆ ಆಕಸ್ಮಿಕವಾಗಿ ದಾರದ ಕುಣಿಕೆಯನ್ನೆಳೆದು ಹೊರಬರುತ್ತಿತ್ತು. ಮತ್ತೆ ಮತ್ತೆ ಒಳಗಿಟ್ಟಂತೆ ಹೊರಬರುವ ಕಾಲ ಕ್ರಮೇಣ ಕಡಿಮೆಯಾಯಿತು. ಇದೇ ನಾವು ಓದಿದ ಪ್ರಯತ್ನ-ಪ್ರಮಾದ ಕಲಿಕೆ. ತೃಪ್ತಿ ತಂದ ವರ್ತನೆ ಬೇರೂರುತ್ತದೆ, ಅತೃಪ್ತಿ ತಂದದ್ದು ಕಳಚಿಹೋಗುತ್ತದೆ ಎಂಬ ‘ಪರಿಣಾಮ ನಿಯಮ’ವನ್ನು ಅವರು 1911ರ ಗ್ರಂಥದಲ್ಲಿ ನಿರೂಪಿಸಿದರು.

ಪಠ್ಯಪುಸ್ತಕಗಳು ಬಿಟ್ಟುಬಿಡುವ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಇಷ್ಟ. ಬೆಕ್ಕುಗಳಿಗೆ ಉಣಿಸಬೇಕು ಎಂಬರ್ಥದ ಮಾತನ್ನು ಥಾರ್ನ್‌ಡೈಕರು ಗಟ್ಟಿಯಾಗಿ ಹೇಳಿ, ತುಸು ಹೊತ್ತಿನ ಬಳಿಕ ಮೀನು ಕೊಡುತ್ತಿದ್ದರು. ಹಲವು ಸಲ ಹೀಗಾದ ಮೇಲೆ, ಮಾತು ಕಿವಿಗೆ ಬಿದ್ದೊಡನೆಯೇ ಬೆಕ್ಕು ಜಾಲರಿಯನ್ನೇರಿ ಕಾಯತೊಡಗಿತು. ಉಣಿಸುವುದಿಲ್ಲ ಎಂಬ ಮಾತಿಗೆ ಏರದೆ ಸುಮ್ಮನಿರುವುದನ್ನು ಕಲಿಯಲು ಮಾತ್ರ ಬಹಳ ಹೆಚ್ಚು ಸಲ ಬೇಕಾಯಿತು. ಬೆಕ್ಕು ಮಾತಿಗೆ ಓಗೊಡುವುದನ್ನು ಕಲಿಯಬಲ್ಲದು ಎಂಬುದಕ್ಕೆ ಇದೊಂದು ಹಳೆಯ ಸಾಕ್ಷ್ಯ. ಬೆಕ್ಕಿನ ಕಾಲನ್ನು ಹಿಡಿದು ಕುಣಿಕೆಯನ್ನೆಳೆಸಿದರೆ ಅದು ಕಲಿಯುವುದಿಲ್ಲ, ತಾನೇ ಮಾಡಿದರೆ ಮಾತ್ರ ಕಲಿಯುತ್ತದೆ ಎಂದೂ ಅವರು ಕಂಡರು.

ಮುಂದಿನ ಸಂಶೋಧನೆಗಳು ಬೆಕ್ಕಿನ ಗೌರವವನ್ನು ಹೆಚ್ಚಿಸಿವೆ. 2005ರಲ್ಲಿ ಹಂಗೇರಿಯ ಆಡಾಮ್ ಮಿಕ್ಲೋಶಿ ಮತ್ತು ಸಂಗಡಿಗರು, ಮನುಷ್ಯ ಬೆರಳು ತೋರಿದ ಕಡೆಗೆ ಹೋಗಿ ಬಚ್ಚಿಟ್ಟ ಆಹಾರವನ್ನು ಹುಡುಕುವುದರಲ್ಲಿ ಬೆಕ್ಕು ನಾಯಿಗಿಂತ ಹಿಂದಿಲ್ಲವೆಂದು ತೋರಿಸಿದರು. ಆದರೆ ಆಹಾರ ಕೈಗೆಟುಕದಾಗ ನಾಯಿಯಷ್ಟು ಅದು ಒಡೆಯನ ಮುಖವನ್ನು ನೋಡಲಿಲ್ಲ. 2019ರಲ್ಲಿ ಜಪಾನಿನ ಅತ್ಸುಕೊ ಸೈಟೊ ತಂಡವು, ಸಾಕುಬೆಕ್ಕು ತನ್ನ ಹೆಸರನ್ನು ಬೇರೆ ಪದಗಳಿಂದ ಪ್ರತ್ಯೇಕಿಸಿ ಗುರುತಿಸುತ್ತದೆಂದು ಕಂಡುಕೊಂಡಿತು. ಬೆಕ್ಕು ನೋಡಿ ಕಲಿಯುವುದಿಲ್ಲ ಎಂಬ ಥಾರ್ನ್‌ಡೈಕರ ತೀರ್ಮಾನವೂ ಅಲುಗಾಡಿದೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎಬಿಸು ಎಂಬ ಜಪಾನಿ ಬೆಕ್ಕು ತನ್ನೊಡತಿಯನ್ನು ನೋಡಿ, ಅವಳಂತೆಯೇ ಪೆಟ್ಟಿಗೆಯನ್ನು ಮುಂಗಾಲಿನಿಂದ ಮುಟ್ಟಿತು, ಮುಖವನ್ನು ಅದಕ್ಕೆ ಉಜ್ಜಿತು.

ಹಾಗಾದರೆ ಕಲಿಸುವುದು ಹೇಗೆ? ಒಂದು ಸನ್ನೆಗೆ ಒಂದೇ ಅರ್ಥವಿರಲಿ. ಬಯಸಿದ ಕೆಲಸವನ್ನು ಮಾಡಿದ ಕ್ಷಣದಲ್ಲಿಯೇ ಚೂರು ತಿನಿಸು ಸಿಗಲಿ. ಪಾಠವು ಕೆಲವೇ ನಿಮಿಷಗಳದ್ದಾಗಿರಲಿ. ಬೆಕ್ಕು ಎದ್ದುಹೋದರೆ ತರಗತಿ ಮುಗಿಯಿತೆಂದೇ ತಿಳಿಯಬೇಕು. ಮತ್ತು ಹೊಡೆಯಕೂಡದು.

ಈ ಕೊನೆಯ ಮಾತು ಕೇವಲ ಕರುಣೆಯ ಮಾತಲ್ಲ. ಥಾರ್ನ್‌ಡೈಕರು 1932ರಲ್ಲಿ ತಮ್ಮ ನಿಯಮವನ್ನೇ ತಿದ್ದಿಕೊಂಡರು. ಬಹುಮಾನವು ಕಲಿಕೆಯನ್ನು ಬಲಪಡಿಸುವಂತೆ ಶಿಕ್ಷೆಯು ತಪ್ಪನ್ನು ಅಳಿಸುವುದಿಲ್ಲವೆಂದು ಅವರಿಗೆ ಮನವರಿಕೆಯಾಗಿತ್ತು. ನಿಯಮದ ಅರ್ಧವನ್ನು ಸ್ವತಃ ಅವರೇ ಕೈಬಿಟ್ಟ ದಶಕಗಳ ನಂತರವೂ ನಮ್ಮ ಶಾಲೆಗಳ ಮೇಜಿನ ಮೇಲೆ ಬೆತ್ತ ಉಳಿದಿತ್ತು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಪರೀಕ್ಷೆಗೆ ಬರೆದ ಉತ್ತರ ತರಗತಿಯನ್ನು ತಲುಪಲು ಎಷ್ಟು ಕಾಲ ಹಿಡಿಯಿತು ನೋಡಿ.

ನಮ್ಮ ಜನಪದವು ಇದನ್ನು ಮೊದಲೇ ಬಲ್ಲದು. ಇಲಿಗಳ ಕಾಟ ತಪ್ಪಿಸಲು ಕೃಷ್ಣದೇವರಾಯ ಬೆಕ್ಕುಗಳನ್ನೂ, ಅವುಗಳ ಹಾಲಿಗಾಗಿ ಹಸುಗಳನ್ನೂ ಹಂಚಿದನಂತೆ. ತೆನಾಲಿ ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲನ್ನಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಮುಂದೆ ಹಾಲನ್ನು ಕಂಡರೆ ಓಟ ಕೀಳುತ್ತಿತ್ತು. ಕಥೆ ಕೇಳಿ ನಾವು ನಗುತ್ತೇವೆ. ಆದರೆ ಆ ಬೆಕ್ಕು ಕಲಿತದ್ದೇನು? ಬಿಸಿ ಯಾವುದು, ತಣ್ಣಗಿನದು ಯಾವುದು ಎಂಬ ವಿವೇಕವನ್ನಲ್ಲ, ಹಾಲಿನ ಮೇಲಣ ಭಯವನ್ನು ಮಾತ್ರ. ಲೆಕ್ಕದ ಪುಸ್ತಕವನ್ನು ಕಂಡರೆ ನಡುಗುವ ಮಕ್ಕಳನ್ನು ನಾನು ಬಹಳ ಕಂಡಿದ್ದೇನೆ. ಅವರಲ್ಲಿ ದಡ್ಡರು ಕಡಿಮೆ. ಮೊದಲ ಬಟ್ಟಲಿನಲ್ಲಿಯೇ ಬಾಯಿ ಸುಟ್ಟುಕೊಂಡವರು ಹೆಚ್ಚು. ನಿಮ್ಮಲ್ಲಿ ಅನೇಕರು ಈಗ ತಂದೆತಾಯಿಗಳು, ಕೆಲವರು ಶಿಕ್ಷಕರು. ಬೆಕ್ಕಾಗಲಿ ಮಗುವಾಗಲಿ, ಮೊದಲ ಬಟ್ಟಲನ್ನು ಆರಿಸಿ ಕೊಡಿ.