ಮೂರನೆಯ ಮಾತು: ಸಿಡಿಲು

ಏಪ್ರಿಲ್ ನಡುವಿಗೆ ಅಶ್ವಿನಿ ಮಳೆ ಹುಟ್ಟುತ್ತದೆ, ತಿಂಗಳ ಕೊನೆಗೆ ಭರಣಿ. ಕಲಬುರಗಿ, ರಾಯಚೂರುಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದೂ ಇದೇ ದಿನಗಳಲ್ಲಿ. ಹವಾಮಾನ ಮುನ್ಸೂಚನೆಯಲ್ಲಿ ಆಗ ಮತ್ತೆ ಮತ್ತೆ ಕೇಳುವ ಮಾತು ‘ಒಳನಾಡಿನ ಅಲ್ಲಲ್ಲಿ ಗುಡುಗು ಸಹಿತ ಮಳೆ’. ಕಣ್ಣಿಗೆ ಕಂಡದ್ದು ಮಿಂಚು, ಕಿವಿಗೆ ಕೇಳಿದ್ದು ಗುಡುಗು. ನೆಲಕ್ಕೆ ಬಡಿದದ್ದಕ್ಕೆ ಕನ್ನಡದಲ್ಲಿ ಬೇರೆಯೇ ಹೆಸರಿದೆ. ಅದು ಸಿಡಿಲು.

‘ಸಿಡಿ’ ನಮ್ಮ ಮನೆಮಾತು. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುತ್ತದೆ, ನೋವಿಗೆ ತಲೆ ಸಿಡಿಯುತ್ತದೆ, ಬಂಡೆ ಒಡೆಯಲು ಸಿಡಿಮದ್ದು ಬೇಕು, ಕೋಪ ಬಂದವರು ಸಿಡಿಮಿಡಿಗೊಳ್ಳುತ್ತಾರೆ. ಒಳಗೆ ತುಂಬಿದ್ದು ತಡೆಯಲಾರದೆ ಹೊರಬೀಳುವುದೇ ಎಲ್ಲ ಕಡೆಯೂ ಇದರ ಅರ್ಥ. ಆಕಾಶದಲ್ಲಿ ನಡೆಯುವುದೂ ಅದೇ. ಕಾದ ನೆಲದ ಮೇಲಿನ ಗಾಳಿ ಕಡಲಿಂದ ಬಂದ ತೇವ ಹೊತ್ತು ಮೇಲೇರಿ, ಮಧ್ಯಾಹ್ನ ಕಳೆಯುವಷ್ಟರಲ್ಲಿ ಹತ್ತು ಕಿಲೋಮೀಟರಿಗೂ ಎತ್ತರದ ಮೋಡವಾಗುತ್ತದೆ. ಅದರೊಳಗೆ ಹಿಮದ ಹರಳು, ಆಲಿಕಲ್ಲುಗಳು ತಾಕಾಡಿ ವಿದ್ಯುತ್ತು ಕೂಡುತ್ತದೆ. ಅದು ಹರಿದ ದಾರಿಯ ಗಾಳಿ ಕಣ್ಣೆವೆಯಿಕ್ಕುವುದರೊಳಗೆ ಸುಮಾರು 30,000 ಡಿಗ್ರಿಗೆ ಕಾದು ಸಿಡಿಯುತ್ತದೆ. ಗುಡುಗು ಆ ಸಿಡಿತದ ಸದ್ದು.

ಮಾತಿನಲ್ಲಿ ಸಿಡಿಲಿಗೆ ಇನ್ನೊಂದು ಬಾಳೂ ಇದೆ. ಶೂರನನ್ನು ಸಿಡಿಲಮರಿ ಎನ್ನುತ್ತೇವೆ. ಕೆಟ್ಟ ಸುದ್ದಿ ಬಂದರೆ ಬರಸಿಡಿಲು ಎರಗಿತು ಎನ್ನುತ್ತೇವೆ. ಬರಸಿಡಿಲೆಂದರೆ ಮಳೆಯಿಲ್ಲದೆ ಬೀಳುವ ಸಿಡಿಲು. ಇದನ್ನು ಬರಿಯ ಅಲಂಕಾರವೆಂದು ತಿಳಿಯಬಾರದು. ಮಳೆ ಸುರಿಯುವ ಜಾಗದಿಂದ ಹತ್ತು ಕಿಲೋಮೀಟರಿನಾಚೆಗೂ ಸಿಡಿಲು ಬೀಳಬಲ್ಲದು. ಹನಿ ಬೀಳುವ ಮುಂಚೆಯೇ ಕುರಿ ಕಾಯುವವರು ಸಾಯುವುದುಂಟು.

ದೇಶದಲ್ಲಿ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಾರೆ. ಹೆಚ್ಚಿನವರು ಹೊಲದಲ್ಲಿ, ಮರದಡಿಯಲ್ಲಿ ಇದ್ದವರು. ಮರುದಿನದ ಪತ್ರಿಕೆಯಲ್ಲಿ ‘ಸಿಡಿಲಿಗೆ ಬಲಿ’ ಎಂದೇ ಬರೆಯುತ್ತೇವೆ. ಹಿಂದಿನ ದಿನದ ಎಚ್ಚರಿಕೆಯಲ್ಲಿ ಮಾತ್ರ ಎಷ್ಟೋ ಸಲ ಗುಡುಗಷ್ಟೇ ಇರುತ್ತದೆ. ಗುಡುಗಿಗೆ ಮಕ್ಕಳು ಹೆದರುತ್ತಾರೆ, ದೊಡ್ಡವರು ಕೆಲಸ ಮುಂದುವರಿಸುತ್ತಾರೆ. ಸಿಡಿಲೆಂದರೆ ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಎಚ್ಚರಿಕೆ ಕೊಡುವ ತನ್ನ ಆ್ಯಪ್‌ಗೆ ‘ಸಿಡಿಲು’ ಎಂದೇ ಹೆಸರಿಟ್ಟದ್ದು ಸರಿಯಾದ ಕೆಲಸ. ಪುಣೆಯ ಹವಾಮಾನ ಸಂಸ್ಥೆಯ ಆ್ಯಪ್‌ನ ಹೆಸರು ‘ದಾಮಿನಿ’, ಅಂದರೆ ಮಿಂಚು. ಅದು ಚೆಂದದ ಹೆಸರು. ಹೊಲದಲ್ಲಿರುವವರನ್ನು ಎಬ್ಬಿಸಿ ಮನೆಗೆ ಕಳಿಸುವ ಶಕ್ತಿ ಸಿಡಿಲಿಗೇ ಹೆಚ್ಚು.

ಆದ್ದರಿಂದ ಮುನ್ಸೂಚನೆ ಬರೆಯುವವರಲ್ಲಿ, ಓದುವವರಲ್ಲಿ ಒಂದು ಕೋರಿಕೆ: ‘ಸಿಡಿಲು ಬೀಳಬಹುದು’ ಎಂದು ಬಿಡಿಸಿ ಹೇಳಿ. ಓದುಗರೇ, ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಮರದಡಿ ನಿಲ್ಲದೆ ಗಟ್ಟಿ ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗಿನ ನಂತರ 30 ನಿಮಿಷ ಅಲ್ಲೇ ಇರಿ.