ಫಾರ್ಮ್ಯಾಟ್ ಎಂಬ ಮದ್ದು

ಬೆಂಗಳೂರಿನ ಜಯನಗರ, ಬನಶಂಕರಿ, ಬಿಟಿಎಂ ಬಡಾವಣೆಯ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ವೈರಸ್ಸಿಗೆ ಬಹುಕಾಲ ನಡೆದದ್ದು ಒಂದೇ ಮದ್ದು: ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕುವುದು. ಅದನ್ನು ಸೋಮಾರಿತನ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಉಚಿತ ತಂತ್ರಾಂಶದ ಬೆನ್ನೇರಿ ಬಂದು ಬ್ರೌಸರಿನ ಮುಖಪುಟ ಕಸಿಯುತ್ತಿದ್ದ ಟೂಲ್‌ಬಾರುಗಳು ಕೆಡಿಸುತ್ತಿದ್ದುದು ವ್ಯವಸ್ಥೆಯನ್ನು, ಮನೆಯವರ ಫೋಟೊಗಳನ್ನಲ್ಲ. ಸಿ ಡ್ರೈವ್ ಅಳಿಸಿ ಡಿ ಡ್ರೈವ್ ಉಳಿಸಿಕೊಂಡರೆ ಸಾಕಿತ್ತು. ರಿಜಿಸ್ಟ್ರಿಯಲ್ಲಿ ಒಂದೊಂದೇ ನಮೂದು ಹೆಕ್ಕುವುದಕ್ಕಿಂತ ಇದು ಅಗ್ಗ. ಪೆನ್‌ಡ್ರೈವಿನ ಆಟೋರನ್ ವೈರಸ್ ಡಿ ಡ್ರೈವಿನಲ್ಲಿ ಅಡಗಿ, ಎರಡು ಕ್ಲಿಕ್ಕಿಗೆ ಮತ್ತೆ ಜೀವ ಪಡೆಯುತ್ತಿತ್ತು, ನಿಜ. ಆದರೂ ಆಗ ಕಳೆದುಹೋಗುತ್ತಿದ್ದುದು ಒಂದು ಮಧ್ಯಾಹ್ನ ಮಾತ್ರ.

ರ‍್ಯಾನ್ಸಮ್‌ವೇರ್ ಈ ಲೆಕ್ಕವನ್ನೇ ಕೆಡಿಸಿತು. 2017ರ ಮೇ 12ರಂದು ಜಗತ್ತಿಗೆಲ್ಲ ಹಬ್ಬಿದ ವಾನ್ನಾಕ್ರೈ ಎಂಬ ಇಂಥ ತಂತ್ರಾಂಶ ಹಣ ಕೀಳಲು ಬೀಗ ಹಾಕಿದ್ದು ಕಡತಗಳಿಗೆ. ಫಾರ್ಮ್ಯಾಟ್ ಮಾಡಿದರೆ ವೈರಸ್ ಹೋದೀತು, ಕೀಲಿ ಬಾರದು. ಅದು ನುಸುಳಿದ ವಿಂಡೋಸಿನ ಬಿರುಕನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಮುಚ್ಚಿತ್ತು. ನಕಲಿ ವಿಂಡೋಸ್ ಹಾಕಿ ಅಪ್‌ಡೇಟ್ ನಿಲ್ಲಿಸುವ ರೂಢಿಯಿದ್ದಲ್ಲಿ ಆ ತೇಪೆ ತಲುಪುವ ದಾರಿಯೇ ಇರಲಿಲ್ಲ. ರಿಪೇರಿ ಕಸುಬಿನ ನಿಜವಾದ ತಪ್ಪು ಫಾರ್ಮ್ಯಾಟ್ ಅಲ್ಲ, ಈ ರೂಢಿ. ಅಸಲಿ ಪ್ರತಿಗೆ ಗಿರಾಕಿ ದುಡ್ಡು ಕೊಡುತ್ತಿರಲಿಲ್ಲವಲ್ಲ ಎಂದರೆ, ತಪ್ಪು ಇಬ್ಬರಿಗೂ ಸೇರಿದ್ದು ಎಂದಷ್ಟೇ ಆಯಿತು. ಈಗ ಡಿ ಡ್ರೈವೂ ಆಸರೆಯಲ್ಲ, ಸದಾ ಜೋಡಿಸಿಟ್ಟ ಹಾರ್ಡ್ ಡಿಸ್ಕೂ ಅಲ್ಲ. ಬಿಚ್ಚಿ ಬೀರುವಿನಲ್ಲಿಟ್ಟ ಪ್ರತಿಯಿದ್ದರೆ ಹಳೆಯ ಮದ್ದು ಇಂದಿಗೂ ನಾಟುತ್ತದೆ.