ಉನ್ಮಾದೌಷಧಗಳ ಇತಿಹಾಸದಲ್ಲಿ ಸರ್ಪಗಂಧೆಯ ಸ್ಥಾನ

ಸರ್ಪಗಂಧೆಯು ಉನ್ಮಾದಕ್ಕೆ ಸಿದ್ಧೌಷಧವೆಂದು ಆಯುರ್ವೇದದ ಪ್ರಾಚೀನ ಸಂಹಿತೆಗಳಲ್ಲಿಯೇ ವಿಹಿತವಾಗಿದೆಯೆಂದೂ, ಪಾಶ್ಚಾತ್ಯ ವೈದ್ಯರು ಅದನ್ನು ಅಲ್ಲಿಂದಲೇ ಎತ್ತಿಕೊಂಡರೆಂದೂ ಹೇಳುವ ವಾಡಿಕೆಯುಂಟು. ಈ ಮಾತಿನಲ್ಲಿ ಸತ್ಯಾಂಶವೆಷ್ಟೆಂಬುದು ವಿಚಾರಾರ್ಹವಾಗಿದೆ.

ಚರಕಸಂಹಿತೆಯ ನಿದಾನಸ್ಥಾನವು ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಎಂಬ ಎಂಟರ ವಿಭ್ರಮವೇ ಉನ್ಮಾದವೆಂದು ಲಕ್ಷಣವನ್ನು ಹೇಳಿ, ಅದನ್ನು ಐದು ವಿಧವಾಗಿ ವಿಂಗಡಿಸುತ್ತದೆ. 1908ರಲ್ಲಿ ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್ ಎಂಬ ವೈದ್ಯನು ಸ್ಕಿಜೋಫ್ರೇನಿಯವೆಂದು ಹೆಸರಿಟ್ಟ ವ್ಯಾಧಿಯು ಈ ವಿಶಾಲವಾದ ಉನ್ಮಾದದೊಳಗೆ ಅಡಗಬಹುದಾದರೂ ಎರಡೂ ಒಂದೇ ಅಲ್ಲ. ಉನ್ಮಾದಚಿಕಿತ್ಸೆಯಲ್ಲಿ ಚರಕವು ವಿಧಿಸುವ ಪ್ರಸಿದ್ಧವಾದ ಕಲ್ಯಾಣಕಘೃತಕ್ಕೆ ಇಪ್ಪತ್ತೆಂಟು ದ್ರವ್ಯಗಳುಂಟು, ಅವುಗಳಲ್ಲಿ ಸರ್ಪಗಂಧೆಯಿಲ್ಲ. ಈ ಹೆಸರಿಗೆ ಪ್ರಾಚೀನರಲ್ಲಿದ್ದ ಪ್ರಸಿದ್ಧಿಯು ಮುಖ್ಯವಾಗಿ ವಿಷಚಿಕಿತ್ಸೆಗೆ ಸಂಬಂಧಿಸಿದುದು.

ಹಾಗಾದರೆ ಉನ್ಮಾದದಲ್ಲಿ ಇದರ ಪ್ರಯೋಗವು ಎಲ್ಲಿಂದ ಬಂದಿತು? ಬಿಹಾರ ಮೊದಲಾದ ಪ್ರಾಂತಗಳ ಜನರು ಈ ಬೇರನ್ನು ‘ಹುಚ್ಚಿನ ಮದ್ದು’ ಎಂಬರ್ಥದ ಹೆಸರಿನಿಂದಲೇ ಬಲ್ಲವರಾಗಿದ್ದರು. 1931ರಲ್ಲಿ ಕಲ್ಕತ್ತೆಯ ಗಣನಾಥಸೇನರೂ ಕಾರ್ತಿಕಚಂದ್ರ ಬೋಸರೂ, ಈ ಬೇರಿನ ಚೂರ್ಣದಿಂದ ರೋಗಿಯ ಉದ್ರೇಕವು ಶಮನವಾಗುವುದನ್ನೂ ರಕ್ತದೊತ್ತಡವು ತಗ್ಗುವುದನ್ನೂ ಪ್ರಕಟಿಸಿದರು. ಆ ಕಾಲದಲ್ಲಿಯೇ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿಯವರು ಬೇರಿನ ಕ್ಷಾರಸತ್ವಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಂ ಅಜ್ಮಲ್ ಖಾನರ ಸ್ಮರಣಾರ್ಥವಾಗಿ ಅಜ್ಮಲೀನ್ ಎಂದು ಹೆಸರಿಟ್ಟರು. 1952ರಲ್ಲಿ ಬಾಸೆಲ್ ನಗರದ ಸಿಬಾ ಸಂಸ್ಥೆಯ ವಿಜ್ಞಾನಿಗಳು ರಿಸರ್ಪೀನ್ ಎಂಬ ಸತ್ವವನ್ನು ಪ್ರತ್ಯೇಕಿಸಿದರು. 1954ರಲ್ಲಿ ನ್ಯೂಯಾರ್ಕಿನ ನೇಥನ್ ಕ್ಲೈನ್ ಎಂಬ ವೈದ್ಯನು ಮನೋರೋಗಿಗಳಲ್ಲಿ ಅದರ ಗುಣವನ್ನು ವರ್ಣಿಸಿದನು. ನರತಂತುಗಳ ತುದಿಯಲ್ಲಿ ಸಂಗ್ರಹವಾಗಿರುವ ಡೋಪಮೀನ್ ಮೊದಲಾದ ದ್ರವ್ಯಗಳನ್ನು ಅದು ಬರಿದುಮಾಡುತ್ತದೆಯೆಂಬುದು ಆಮೇಲೆ ತಿಳಿದುಬಂದಿತು.

ಆದರೆ ಈ ಕೀರ್ತಿಯು ಬಹುಕಾಲ ನಿಲ್ಲಲಿಲ್ಲ. 1952ರಲ್ಲಿಯೇ ಪ್ಯಾರಿಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಡಿಲೇ ಮತ್ತು ಡೆನಿಕೆ ಎಂಬವರು ಕ್ಲೋರ್‌ಪ್ರೋಮಝೀನ್ ಎಂಬ ಕೃತಕೌಷಧವನ್ನು ಪ್ರಯೋಗಿಸಿದ್ದರು. ಅದು ಡೋಪಮೀನನ್ನು ಬರಿದುಮಾಡದೆ, ಅದನ್ನು ಗ್ರಹಿಸುವ ಸ್ಥಾನಗಳನ್ನು ತಡೆಯುತ್ತದೆ. ರಿಸರ್ಪೀನಿನ ಗುಣವು ನಿಧಾನ. ರಕ್ತದೊತ್ತಡದ ಅತಿಕ್ಷಯ, ವಿಷಾದ ಮುಂತಾದ ದೋಷಗಳೂ ಅದರ ಮೇಲೆ ಆರೋಪಿತವಾದುವು. ಹೀಗಾಗಿ ಅದು ಕ್ರಮೇಣ ಹಿಂದೆ ಸರಿಯಿತು.

ಕ್ಲೋರ್‌ಪ್ರೋಮಝೀನ್ ವರ್ಗಕ್ಕೆ ಪ್ರಾಮಾಣ್ಯವು ದೊರೆತುದು ಪರೀಕ್ಷೆಯಿಂದ. ಅಮೆರಿಕೆಯ ಒಂಬತ್ತು ಆಸ್ಪತ್ರೆಗಳಲ್ಲಿ ನಡೆದು 1964ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕೆಲವರಿಗೆ ಔಷಧವನ್ನೂ ಕೆಲವರಿಗೆ ಔಷಧಾಂಶವಿಲ್ಲದ ಗುಳಿಗೆಯನ್ನೂ ಕೊಡಲಾಗಿತ್ತು. ಆರು ವಾರಗಳ ಅನಂತರ ಮೊದಲಿನವರಲ್ಲಿ ಸುಮಾರು ಮುಕ್ಕಾಲು ಪಾಲು ಜನರೂ, ಎರಡನೆಯವರಲ್ಲಿ ಸುಮಾರು ಕಾಲು ಪಾಲು ಜನರೂ ಗಮನಾರ್ಹವಾಗಿ ಸುಧಾರಿಸಿದ್ದರು. ಏನೂ ಇಲ್ಲದ ಗುಳಿಗೆಯಿಂದಲೂ ಕಾಲು ಪಾಲು ಜನರು ಚೇತರಿಸಿಕೊಂಡರೆಂಬುದು ಮರೆಯತಕ್ಕದ್ದಲ್ಲ. ಒಬ್ಬಿಬ್ಬರು ಗುಣಹೊಂದಿದುದನ್ನು ಕಂಡು ಔಷಧವನ್ನು ಹೊಗಳುವುದು ಸಾಹಸವೆಂಬುದು ಇದರಿಂದ ಸಿದ್ಧವಾಗುತ್ತದೆ.

ಈ ಔಷಧಗಳಿಗೂ ಮಿತಿಯುಂಟು. ಇಲ್ಲದ ಧ್ವನಿಗಳನ್ನು ಕೇಳುವುದು, ಮಿಥ್ಯಾಶಂಕೆ ಮೊದಲಾದುವು ಅವುಗಳಿಂದ ಶಮನವಾಗುವಷ್ಟು ನಿರುತ್ಸಾಹ, ಭಾವಶೂನ್ಯತೆಗಳು ಶಮನವಾಗವು. ದೀರ್ಘಕಾಲ ಸೇವಿಸಿದವರಲ್ಲಿ ಕೆಲವರಿಗೆ ಮುಖ, ನಾಲಗೆಗಳ ಅನೈಚ್ಛಿಕ ಚಲನೆಯೂ ಉಂಟಾಗುತ್ತದೆ. ಇತರ ಔಷಧಗಳಿಗೆ ಬಗ್ಗದ 268 ರೋಗಿಗಳ ಮೇಲೆ ನಡೆದು 1988ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕ್ಲೋಝಪೀನಿನಿಂದ ನೂರಕ್ಕೆ 30 ಜನರೂ ಕ್ಲೋರ್‌ಪ್ರೋಮಝೀನಿನಿಂದ ನೂರಕ್ಕೆ 4 ಜನರೂ ಸುಧಾರಿಸಿದರು. ಆದರೆ ಕ್ಲೋಝಪೀನ್ ಬಿಳಿಯ ರಕ್ತಕಣಗಳನ್ನು ಅಪಾಯಕರವಾಗಿ ಕುಗ್ಗಿಸಬಲ್ಲುದಾದ್ದರಿಂದ, ಅದನ್ನು ರಕ್ತಪರೀಕ್ಷೆಯೊಡನೆಯೇ ಕೊಡತಕ್ಕದ್ದು.

ಆದಕಾರಣ ಸರ್ಪಗಂಧೆಯ ಯಶಸ್ಸನ್ನು ಸಂಹಿತೆಗಳ ಮೇಲೆ ಹೊರಿಸುವುದು ಇತಿಹಾಸಕ್ಕೆ ಸಮ್ಮತವಲ್ಲ. ಅದನ್ನು ಕಂಡವರು ಹೆಸರಿಲ್ಲದ ಹಳ್ಳಿಗರು; ಪರೀಕ್ಷಿಸಿದವರು ಆಧುನಿಕ ವೈದ್ಯರು; ಅದರ ಸ್ಥಾನವನ್ನು ಕಿತ್ತುಕೊಂಡುದೂ ಪರೀಕ್ಷೆಯೇ. ಇದರಿಂದ ಶಾಸ್ತ್ರಗೌರವಕ್ಕೆ ಕುಂದಿಲ್ಲ. ಕುರಿಗಾಹಿಗಳೂ ಗೋಪಾಲಕರೂ ವನವಾಸಿಗಳೂ ಮೂಲಿಕೆಗಳ ನಾಮರೂಪಗಳನ್ನು ಬಲ್ಲರೆಂದೂ, ಆದರೆ ನಾಮರೂಪಜ್ಞಾನಮಾತ್ರದಿಂದ ಅವುಗಳ ಪ್ರಯೋಗವು ತಿಳಿಯದೆಂದೂ ಸೂತ್ರಸ್ಥಾನದ ಮೊದಲ ಅಧ್ಯಾಯದಲ್ಲಿ ಚರಕವೇ ಹೇಳಿದೆ. ಇಲ್ಲದ ವಿಧಿಯನ್ನು ಗ್ರಂಥದಲ್ಲಿ ಕಾಣುವುದಕ್ಕಿಂತ, ಇರುವ ಈ ಮಾತನ್ನು ಮನ್ನಿಸುವುದೇ ಗ್ರಂಥಕ್ಕೆ ಸಲ್ಲಿಸುವ ಮರ್ಯಾದೆ.